ಕೇಜು ಹತ್ತಿ ಬರುವ ಬಾಲಯೇಸು

ನಮ್ಮ ಶಾಲೆಯ ಗೋದಲಿಯಲ್ಲಿ ಬಾಲಯೇಸು ಆಕಾಶದಿಂದ ಇಳಿಯುವುದಿಲ್ಲ, ನೆಲದೊಳಗಿಂದ ಹತ್ತಿ ಬರುತ್ತಾನೆ. ಗೋದಲಿ ಎಂದರೆ ಕ್ರಿಸ್ಮಸ್ಸಿಗೆ ಕಟ್ಟುವ ದನದ ಕೊಟ್ಟಿಗೆ. ಬೇರೆ ಊರುಗಳಲ್ಲಿ ಹುಲ್ಲು ಹಾಸಿ, ಬೊಂಬೆ ಜೋಡಿಸಿ, ಮೇಲೊಂದು ನಕ್ಷತ್ರ ತೂಗುಹಾಕಿದರೆ ಕೆಲಸ ಮುಗಿಯಿತು. ಕೆ.ಜಿ.ಎಫ್‌ನಲ್ಲಿ ಅಷ್ಟಕ್ಕೆಲ್ಲ ಮುಗಿಯುವುದಿಲ್ಲ. ಕೊಟ್ಟಿಗೆಯ ಪಕ್ಕದಲ್ಲಿ ಗಣಿಯ ಬಾಯಿಗೆ ನಿಲ್ಲಿಸುವಂಥ ಎತ್ತರದ ಗೋಪುರ ಬಿದಿರಿನಲ್ಲಿ ಎದ್ದು ನಿಲ್ಲಬೇಕು, ಅದರ ನೆತ್ತಿಯಲ್ಲಿ ಸೈಕಲ್ ಚಕ್ರ ತಿರುಗಬೇಕು, ಹಗ್ಗಕ್ಕೆ ಕಟ್ಟಿದ ಬಿಸ್ಕತ್ತು ಡಬ್ಬದ ಕೇಜು ಕತ್ತಲೆಯೊಳಗಿಂದ ಮೇಲೆ ಬರಬೇಕು, ಅದರೊಳಗೆ ಕೂಸು ಮಲಗಿರಬೇಕು. ಆಮೇಲೆಯೇ ಹಾಡು, ಆಮೇಲೆಯೇ ಕೇಕು.

ಆ ಶಾಲೆಯಲ್ಲಿ ಓದಿದವಳು ನಾನು, ಈಗ ಅಲ್ಲೇ ಕನ್ನಡ ಪಾಠ ಹೇಳುವವಳೂ ನಾನೇ. ಕ್ಯಾಸಂಬಳ್ಳಿ ಕಡೆಯ ಹಳ್ಳಿಯಲ್ಲಿ ಕೂಲಿ ಮಾಡುವವರ ಮಗಳು. ಸಿಸ್ಟರುಗಳ ಶಾಲೆಗೆ ಹಾಕಿದರೆ ಮಗಳ ಬಾಯಲ್ಲಿ ಇಂಗ್ಲಿಷು ಬರುತ್ತದೆ ಎಂದು ಯಾರೋ ನಮ್ಮಮ್ಮನ ಕಿವಿಯೂದಿದ್ದರು. ಬಂದದ್ದು ಮೊದಲು ತಮಿಳು. ಅಲ್ಲಿ ಪ್ರಾರ್ಥನೆ ಇಂಗ್ಲಿಷಿನಲ್ಲಿ, ಆಟ ತಮಿಳಿನಲ್ಲಿ, ಜಗಳ ಜೋರಾದರೆ ತೆಲುಗಿನಲ್ಲಿ. ಕನ್ನಡ ಮಾತ್ರ ಕನ್ನಡದ ಪೀರಿಯಡ್‌ನಲ್ಲಿ. ನನಗೆ ಇವತ್ತಿಗೂ ಅದರ ಮೇಲೆ ಸಿಟ್ಟಿದೆ. ಆ ಸಿಟ್ಟಿಗೇ ಕನ್ನಡ ಟೀಚರ್ ಆದೆ ಎಂದರೂ ತಪ್ಪಿಲ್ಲ.

ಶಾಲೆ ಶುರುವಾದದ್ದು ಊರಿಗಾಂ ಪಕ್ಕದ ಒಂದು ತಗಡಿನ ಶೆಡ್ಡಿನಲ್ಲಿ, ಗಣಿ ಕಾರ್ಮಿಕರ ಮಕ್ಕಳಿಗಾಗಿ ಎಂದು ಹಿರಿಯರು ಹೇಳುತ್ತಿದ್ದರು. ನಾನು ಸೇರುವ ಹೊತ್ತಿಗೆ ಕಲ್ಲಿನ ಕಟ್ಟಡ, ಉದ್ದನೆಯ ಜಗಲಿ, ವೇದಿಕೆ ಇರುವ ದೊಡ್ಡ ಹಾಲ್ ಎಲ್ಲ ಬಂದಿದ್ದವು. ಆದರೂ ಗಡಿಯಾರಕ್ಕಿಂತ ಗಣಿಯ ಸಂಗಿಗೇ, ಅಂದರೆ ಸೈರನ್ನಿಗೇ, ಮರ್ಯಾದೆ ಹೆಚ್ಚು. ಪಾಳಿ ಬದಲಾಗುವಾಗ ಆ ಸಂಗು ಕೂಗಿದರೆ ಮಕ್ಕಳು ಸ್ಲೇಟು ಎತ್ತಿಡುತ್ತಿದ್ದರು, ಟೀಚರಿನ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಗಾಳಿಯ ದಿನಗಳಲ್ಲಿ, ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸಯನೈಡ್ ದಿಬ್ಬದ ಬಿಳಿ ಪುಡಿ ಹಾರಿಬಂದು ಬೆಂಚಿನ ಮೇಲೆ ಕೂರುತ್ತಿತ್ತು. ನಾವು ಅದರ ಮೇಲೆ ಬೆರಳಿನಲ್ಲಿ ಲೆಕ್ಕ ಮಾಡುತ್ತಿದ್ದೆವು. ಎಷ್ಟೋ ಅಡಿ ಕೆಳಗೆ ಬಂಡೆ ಸಿಡಿದಾಗ ಕಟ್ಟಡ ಒಂದು ಸಲ ಮೈ ಕೊಡವುತ್ತಿತ್ತು. ಟೀಚರು ಬೀಳುವ ಕರಿಹಲಗೆಯನ್ನು ಕೈಯಲ್ಲಿ ಹಿಡಿದು ಪಾಠ ಮುಂದುವರಿಸುತ್ತಿದ್ದರು. ನಾನು ಹೆದರಿ ಬೆಂಚಿನಡಿ ತೂರುತ್ತಿದ್ದೆ, ಲೈನಿನ ಮಕ್ಕಳು, ಅಂದರೆ ಗಣಿ ಕಾರ್ಮಿಕರ ಸಾಲುಮನೆಗಳ ಮಕ್ಕಳು, ನಗುತ್ತಿದ್ದರು. ಆದರೆ ಅಪ್ಪ ಆ ಪಾಳಿಗೆ ಇಳಿದಿದ್ದ ಮಕ್ಕಳು ನಗುತ್ತಿರಲಿಲ್ಲ, ಕಿಟಕಿಯ ಕಡೆ ನೋಡುತ್ತಿದ್ದರು. ಅದನ್ನು ನಾನು ಆಗ ಗಮನಿಸಿದ್ದೆ, ಅರ್ಥವಾಗಿರಲಿಲ್ಲ.

ಗೋದಲಿಯ ಕೇಜನ್ನು ಎಳೆಯುತ್ತಿದ್ದವರು ನನ್ನ ಕ್ಲಾಸಿನ ಹುಡುಗಿಯೊಬ್ಬಳ ಅಪ್ಪ. ಗಣಿಯಲ್ಲಿ ಅವರ ಕೆಲಸ ವೈಂಡರ್. ಅಂದರೆ ಮೇಲೆ ಎಂಜಿನ್ ಮನೆಯಲ್ಲಿ ಕೂತು, ಜನ ತುಂಬಿದ ಕಬ್ಬಿಣದ ಕೇಜನ್ನು ಇಳಿಸುವುದು, ಹತ್ತಿಸುವುದು. ಕೆಳಗೆ ಏನಾಗುತ್ತಿದೆ ಎಂದು ಅವರಿಗೆ ಕಾಣುವುದಿಲ್ಲ, ಗಂಟೆಯ ಹೊಡೆತವೇ ಕಣ್ಣು. ಒಂದು ಹೊಡೆದರೆ ನಿಲ್ಲಿಸು. ಎರಡು ಹೊಡೆದರೆ ಇಳಿಸು. ಮೂರು ಹೊಡೆದರೆ ಒಳಗೆ ಮನುಷ್ಯರಿದ್ದಾರೆ, ನಿಧಾನವಾಗಿ ಎತ್ತು. ಗೋದಲಿಗೂ ಅದೇ ಕಾನೂನು. ಅವರು ವೇದಿಕೆಯ ಅಡಿ ನುಸುಳಿ, ಸೈಕಲ್ ಪೆಡಲಿನಿಂದ ತಾವೇ ಮಾಡಿದ ರಾಟೆಯ ಮುಂದೆ ಕೂರುತ್ತಿದ್ದರು. ಮೇಲೆ ಪರದೆಯ ಹಿಂದೆ ಒಬ್ಬರು ಗಂಟೆ ಹೊಡೆಯಬೇಕು.

ಐದನೇ ಕ್ಲಾಸಿನಲ್ಲಿ ಆ ಗಂಟೆ ನನ್ನ ಪಾಲಿಗೆ ಬಂತು. ದೇವದೂತೆಯಾಗಲು ನನ್ನ ತಮಿಳು ಸಾಲದು, ಕುರಿಯಾಗಲು ಉದ್ದ ಜಾಸ್ತಿ, ಹಾಗಾಗಿ ಗಂಟೆ. ಹಾಲ್ ತುಂಬ ಜನ, ಸಂತೋಷ ತಡೆಯಲಾರದೆ ನಾನು ಎರಡೇ ಸಲ ಹೊಡೆದು ಕೈಕಟ್ಟಿ ನಿಂತೆ. ಕೇಜು ಬರಲಿಲ್ಲ. ಹಾಡು ಒಂದು ಸುತ್ತು ಮುಗಿಯಿತು, ಎರಡನೇ ಸುತ್ತೂ ಮುಗಿಯಿತು. ಮಾತೆ ಮರಿಯಳ ವೇಷದ ಹುಡುಗಿ ಆಕಳಿಸಿದಳು. ಸಿಸ್ಟರ್ ಬಂದು ವೇದಿಕೆಯ ಹಲಗೆ ತಟ್ಟಿ, "ಎಳೀರಿ, ಎಳೀರಿ" ಎಂದು ಪಿಸುಗುಟ್ಟಿದರು. ಕೆಳಗಿನಿಂದ ಉತ್ತರ ಬಂತು: "ಎಲ್ಡು ಒಡ್ದವ್ರೆ ಸಿಸ್ಟರ್, ಎಲ್ಡಕ್ಕೆ ಇಳ್ಸೋದು. ಇಳ್ಸಿ ಆಗೋಯ್ತು. ಬೆಲ್ ಇಲ್ದೆ ನಾನ್ ಎತ್ತೋನಲ್ಲ." ನಾನು ಮೂರು ಹೊಡೆದ ಮೇಲೆಯೇ ಯೇಸು ಹುಟ್ಟಿದ್ದು. ಆ ವರ್ಷವೆಲ್ಲ ಲೈನಿನ ಮಕ್ಕಳು ನನ್ನನ್ನು ಕಂಡರೆ ಎರಡು ಸಲ ಬಾಯಲ್ಲೇ ಟಣ್ ಟಣ್ ಎನ್ನುತ್ತಿದ್ದರು.

ಆಮೇಲೆ ಗಣಿ ಮುಚ್ಚಿತು. ಸಂಗು ನಿಂತಿತು. ಅಪ್ಪಂದಿರು ಬೆಳಗಿನ ರೈಲು ಹಿಡಿದು ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು. ಕ್ಲಾಸುಗಳಲ್ಲಿ ಬೆಂಚು ಖಾಲಿಯಾದವು. ಇನ್ನೇನು ಶಾಲೆಗೂ ಬೀಗ ಎನ್ನುವಾಗ ಸಿಸ್ಟರುಗಳು ಹಳ್ಳಿಗಳಿಗೆ ವ್ಯಾನು ಕಳಿಸಿದರು. ಈಗ ಶಾಲೆಯಲ್ಲಿ ನನ್ನಂಥವರ ಮಕ್ಕಳೇ ಹೆಚ್ಚು. ರಾಗಿ ಹೊಲದಿಂದ, ತರಕಾರಿ ತೋಟದಿಂದ, ಹಾಲಿನ ಡೈರಿಯ ಪಕ್ಕದಿಂದ ಬರುವವರು. ಗಣಿ ಎಂದರೆ ಅವರಿಗೆ ಮೈಸೂರು ಮೈನ್ಸ್ ಎಂಬ ಹಳೆಯ ಗಣಿಯ ಕಡೆ ಹೋಗುವಾಗ ಬಸ್ಸಿನಲ್ಲಿ ಕಾಣುವ ತುಕ್ಕು ಹಿಡಿದ ಕಬ್ಬಿಣ, ಅಷ್ಟೇ. ವೈಂಡರ್ ಅವರನ್ನು ಶಾಲೆಯೇ ಗಂಟೆ ಹೊಡೆಯುವ ಕೆಲಸಕ್ಕೆ ಇಟ್ಟುಕೊಂಡಿತು. ಅಲ್ಲಿಂದಲೂ ನಿವೃತ್ತರಾಗಿ ಅವರು ಎಲ್ಲರಿಗೂ ತಾತ ಆದರು. ಆದರೆ ಡಿಸೆಂಬರ್ ಬಂತೆಂದರೆ ಬಿದಿರು, ಹಗ್ಗ, ಎಣ್ಣೆ ಡಬ್ಬಿ ಹಿಡಿದು ಗೇಟಿನ ಬಳಿ ಹಾಜರ್. ನಾನು ತೆಂಗಿನ ಚಿಪ್ಪಿನಲ್ಲಿ ರಾಗಿ ಮೊಳಕೆ ಬರಿಸಿ ತರುತ್ತಿದ್ದೆ, ಗೋದಲಿಯ ಸುತ್ತ ಹಸುರಿಗೆ. ಅದು ನಮ್ಮಿಬ್ಬರ ಪಾಲುದಾರಿಕೆ.

ಎರಡು ವರ್ಷದ ಹಿಂದೆ ಜೂನಿನಲ್ಲಿ ಹೊಸ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಬಂದರು. ಮಂಗಳೂರು ಕಡೆಯವರು. ಒಳ್ಳೆಯವರು ಎಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಓದಿ ನೀವು ತಪ್ಪು ತಿಳಿಯುತ್ತೀರಿ. ಬಂದ ತಿಂಗಳಲ್ಲೇ ಸೋರುವ ನಲ್ಲಿಗಳನ್ನೆಲ್ಲ ಸರಿಮಾಡಿಸಿದರು, ಮಕ್ಕಳ ಹೆಸರು ಕಲಿತರು, ನಾನು ತಂದ ಮುದ್ದೆಯನ್ನು ಅಗಿಯಲು ಹೋಗಿ ಹಲ್ಲಿಗೆ ಅಂಟಿಸಿಕೊಂಡರು. "ಇದನ್ನು ನುಂಗುವುದಾ? ಎಂಥ ಅವಸರ ಮಾರಾಯ್ರೆ ನಿಮಗೆ" ಎಂದು ನಕ್ಕರು. ಡಿಸೆಂಬರಿನ ಮೊದಲ ವಾರ ನನ್ನನ್ನು ಆಫೀಸಿಗೆ ಕರೆದರು.

"ಟೀಚರ್, ಆ ಬಿದಿರಿನ ಗೋಪುರ ಚಂದ ಉಂಟು, ಇರಲಿ. ಆದರೆ ಬಾಲಯೇಸು ಅಡಿಯಿಂದ ಬರುವುದು ಬೇಡ. ದೇವರ ಮಗ ಸ್ವರ್ಗದಿಂದ ಇಳಿದು ಬರುವುದಲ್ವಾ? ನೆಲದ ಅಡಿಯಿಂದ ಬರುವುದು ಯಾರು, ನೀವೇ ಹೇಳಿ."

ನಾನು ಮುನೇಶ್ವರನಿಗೆ ಹರಕೆ ಹೊತ್ತುಕೊಳ್ಳುವ ಮನೆಯವಳು, ಅವರ ದೇವರ ದಾರಿ ಯಾವುದು ಎಂದು ನಾನು ಹೇಗೆ ವಾದಿಸಲಿ? ಸುಮ್ಮನೆ ತಲೆಯಾಡಿಸಿದೆ. ನಕ್ಷತ್ರದ ಹಿಂದಿನಿಂದ ದಾರ ಕಟ್ಟಿ ಕೂಸನ್ನು ಇಳಿಸುವುದು, ದಾರ ಹಿಡಿಯುವ ಕೆಲಸ ನನ್ನದು, ತಾತನಿಗೆ ಮನಸ್ಸು ನೋಯದಂತೆ ತಿಳಿಸುವ ಕೆಲಸವೂ ನನ್ನದೇ ಎಂದು ಸಿಸ್ಟರ್ ಒಪ್ಪಿಸಿದರು. ಇಳಿಸಲೆಂದು ಬೆಳ್ಳಗೆ ಹೊಳೆಯುವ ಹೊಸ ಬೊಂಬೆಯನ್ನೂ ತರಿಸಿದ್ದರು.

ತಾತ ಆಗ ಶಾಲೆಯ ಹಾಲ್‌ನಲ್ಲಿ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದರು. ಆ ವರ್ಷ ಅವರ ಕೈ ಶುರುವಿನಿಂದಲೇ ನಡುಗುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು: "ಈ ವರ್ಸ ಎತ್ಬುಟ್ರೆ ಸಾಕು ಟೀಚರಮ್ಮ. ಬರೋ ವರ್ಸಕ್ಕೆ ಈ ಕೈ ನಂಬೋ ಅಂಗಿಲ್ಲ."

ನಾನು ಸುತ್ತಿ ಬಳಸಿ ಕೇಳಿದೆ. "ತಾತ, ಈ ಸಲ ಹೊಸದಾಗಿ ಮೇಲಿಂದ ಇಳಿಸಿದ್ರೆ ಹೆಂಗಿರುತ್ತೆ?"

ಅವರು ಎಣ್ಣೆ ಡಬ್ಬಿ ಕೆಳಗಿಟ್ಟರು. "ಇಳ್ಸೋದು ಯಾರ್ ಬೇಕಾದ್ರೂ ಇಳ್ಸ್ತಾರೆ ಕಣಮ್ಮ. ಕೈ ಬುಟ್ರೆ ಇಳೀತದೆ. ಎತ್ತೋದು ಕೆಲ್ಸ." ಮತ್ತೆ ಡಬ್ಬಿ ಎತ್ತಿಕೊಂಡು ಚಕ್ರದ ಕಡೆ ತಿರುಗಿದರು.

ಕ್ಲಾಸಿನಲ್ಲಿ ಯಾರ ಮುಖಕ್ಕೆ ಬೇಕಾದರೂ ಕಡ್ಡಿ ಮುರಿದ ಹಾಗೆ ಹೇಳುವವಳು ನಾನು. ಅವತ್ತು ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ನಿಂತೆ, ಉಗುಳಲೂ ಆಗದು, ನುಂಗಲೂ ಆಗದು. ಮಾರನೆಯ ದಿನ ಸಿಸ್ಟರ್, "ಹೇಳಿ ಆಯ್ತಾ? ಪಾಪ, ಬೇಜಾರು ಮಾಡಿಕೊಂಡ್ರಾ?" ಎಂದು ಕೇಳಿದರು. "ಮಾತಾಡಿದ್ದೀನಿ ಸಿಸ್ಟರ್" ಎಂದೆ. ಮಾತಾಡಿದ್ದು ನಿಜ, ಅದರಲ್ಲಿ ಸುಳ್ಳಿಲ್ಲ. ತಾತ, "ಸಿಸ್ಟರು ನೋಡುದ್ರಾ, ಏನಂದ್ರು?" ಎಂದು ಕೇಳಿದರು. "ಗೋಪುರ ಚೆನ್ನಾಗಿದೆ ಅಂದ್ರು ತಾತ" ಎಂದೆ. ಅದೂ ನಿಜವೇ. ಎರಡು ನಿಜ ಸೇರಿ ಒಂದು ದೊಡ್ಡ ಸುಳ್ಳಾಗುತ್ತದೆ ಎಂದು ನನಗೆ ಗೊತ್ತಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಮುಂದೂಡುತ್ತಾ ಹಬ್ಬದ ದಿನ ಬಂದೇಬಿಟ್ಟಿತು.

ಈಗ ನನ್ನ ಅವಸ್ಥೆ ನೋಡಿ. ಮೂರು ಗಂಟೆಗೆ ಕಾರ್ಯಕ್ರಮ. ವೇದಿಕೆಯ ಅಡಿಯಲ್ಲಿ ತಾತ, ಅವರ ಡಬ್ಬದಲ್ಲಿ ಮೂಗು ಸವೆದ ಹಳೆಯ ಬಾಲಯೇಸು. ಪರದೆಯ ಮರೆಯಲ್ಲಿ ಏಣಿಯ ಮೇಲೆ ನಾನು, ನನ್ನ ಕೈಯ ದಾರದಲ್ಲಿ ಹೊಸ ಬಾಲಯೇಸು. ಮುಂದಿನ ಸಾಲಿನಲ್ಲಿ ಸಿಸ್ಟರ್, ಪಕ್ಕದಲ್ಲಿ ಅತಿಥಿಯಾಗಿ ಬಂದ ಪಾದ್ರಿಗಳು. ಗಂಟೆಯ ಬಳಿ ಆ ವರ್ಷದ ಐದನೇ ಕ್ಲಾಸಿನ ಹುಡುಗಿ. ತಾತನೇ ಅವಳಿಗೆ ಹತ್ತು ಸಲ ಅಭ್ಯಾಸ ಮಾಡಿಸಿದ್ದರು. ಅವಳಿಗಾದರೂ ಹೊಡೆಯಬೇಡ ಎಂದು ಹೇಳಬಹುದಿತ್ತು. ಅದನ್ನೂ ಹೇಳಲಿಲ್ಲ. ಒಂದು ವೇದಿಕೆಗೆ ಇಬ್ಬರು ಯೇಸುಗಳು. ಲೋಕದಲ್ಲಿ ಯಾವ ಟೀಚರೂ ಮಾಡದ ಘನಕಾರ್ಯವನ್ನು ನಾನು ಮಾಡಿಟ್ಟಿದ್ದೆ.

ನಾಟಕ ಚೆನ್ನಾಗಿಯೇ ನಡೆಯಿತು. ಛತ್ರದ ಯಜಮಾನನ ಪಾತ್ರದ ಹುಡುಗ ಜೋಸೆಫನಿಗೆ, "ಜಾಗ ಇಲ್ಲ ಓಗಯ್ಯ" ಎಂದು ಅಪ್ಪಟ ಕ್ಯಾಸಂಬಳ್ಳಿ ಭಾಷೆಯಲ್ಲಿ ಗದರಿದ. ನಾನು ಬರೆದುಕೊಟ್ಟ ಶುದ್ಧ ಕನ್ನಡ ಗಾಳಿಗೆ ಹೋಯಿತು. ದೇವದೂತರು ಬಂದರು. ವೇದಿಕೆಯ ದೀಪ ಆರಿಸಿದರು. ನಕ್ಷತ್ರ ಬೆಳಗಿತು. ಸಿಸ್ಟರ್ ನನ್ನ ಕಡೆ ನೋಡಿ, ಈಗ ಎಂಬಂತೆ ತಲೆಯಾಡಿಸಿದರು. ನಾನು ದಾರ ಸಡಿಲಿಸಿದೆ. ಹೊಸ ಬೊಂಬೆ ಎರಡು ಅಡಿ ಇಳಿಯಿತು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಒಂದು. ಎರಡು. ಮೂರು.

ಏಣಿಯ ಮೇಲಿಂದ ಇಡೀ ಹಾಲ್ ನನಗೆ ಕಾಣುತ್ತಿತ್ತು. ಹಿಂದಿನ ಸಾಲುಗಳಲ್ಲಿ, ಮೊಮ್ಮಕ್ಕಳ ನಾಟಕ ನೋಡಲು ಲೈನುಗಳಿಂದ ಬಂದಿದ್ದ ಮುದುಕರು, ಮುದುಕಿಯರು ಇದ್ದರು. ಅದುವರೆಗೆ ಕೆಮ್ಮುತ್ತ, ಕಡಲೆಕಾಯಿ ಬಿಡಿಸುತ್ತ, ತಮಿಳಿನಲ್ಲಿ ಹರಟುತ್ತ ಕೂತಿದ್ದವರು. ಮೂರನೇ ಹೊಡೆತ ಬಿದ್ದದ್ದೇ ತಡ, ಒಬ್ಬೊಬ್ಬರಾಗಿ ಎದ್ದು ನಿಂತರು. ಯಾರೂ ಹೇಳಿರಲಿಲ್ಲ. ಮಫ್ಲರ್ ಸುತ್ತಿದ್ದವರು ಮಫ್ಲರ್ ತೆಗೆದರು. ನಾನು ಎಷ್ಟೋ ವರ್ಷ ಅದೇ ಹಾಲ್‌ನಲ್ಲಿ ಇದ್ದವಳು, ಆದರೆ ಯಾವಾಗಲೂ ಕೇಜನ್ನೇ ನೋಡಿದ್ದೆ, ಹಿಂದಿನ ಸಾಲನ್ನು ನೋಡಿರಲಿಲ್ಲ. ಅವರ ಕಣ್ಣು ನಕ್ಷತ್ರದ ಮೇಲಿರಲಿಲ್ಲ. ಕೇಜು ಬರಲೆಂದು ವೇದಿಕೆಯ ಹಲಗೆಯಲ್ಲಿ ಕೊರೆದಿದ್ದ ಆ ಕತ್ತಲೆ ಬಾಯಿಯ ಮೇಲಿತ್ತು. ಬಂಡೆ ಸಿಡಿದ ದಿನ ಕಿಟಕಿಯ ಕಡೆ ನೋಡುತ್ತಿದ್ದ ಮಕ್ಕಳ ಮುಖ ನನಗೆ ಆಗ ನೆನಪಾಯಿತು.

ನಾನು ದಾರವನ್ನು ಏಣಿಯ ಮೆಟ್ಟಿಲಿಗೆ ಸುತ್ತಿ ಗಂಟು ಹಾಕಿದೆ. ಏನಾದರಾಗಲಿ ಎನ್ನಿಸಿತು.

ಸೈಕಲ್ ಚಕ್ರ ತಿರುಗಿತು. ಕೇಜು ಒಂದು ಗೇಣು ಬಂದು ನಿಂತಿತು. ಅಡಿಯಲ್ಲಿ ತಾತ ಉಸಿರು ಬಿಡುವುದು ನನಗೇ ಕೇಳಿಸಿತು. ಆ ಕೈ ಸೋತಿತು ಎಂದುಕೊಂಡೆ; ಏಣಿ ಬಿಟ್ಟು ಇಳಿಯಲು ಕಾಲನ್ನೂ ತೆಗೆದೆ. ಹಿಂದಿನ ಸಾಲಿನಿಂದ ಯಾರೋ ಮೆಲ್ಲಗೆ, "ಪೊರುಮೈಯಾ, ಪೊರುಮೈಯಾ" ಎಂದರು. ನಿಧಾನ, ನಿಧಾನ. ಚಕ್ರ ಮತ್ತೆ ಅಲುಗಾಡಿತು. ಅಂಗುಲ ಅಂಗುಲವಾಗಿ ಬಿಸ್ಕತ್ತು ಡಬ್ಬ ಮೇಲೆ ಬಂತು, ಒಂದು ಸಲವೂ ಜಗ್ಗದೆ, ಒಳಗಿನ ಹುಲ್ಲು ಕೂಡ ಕದಲದೆ. ಮೂಗು ಸವೆದ ಕೂಸು ಬೆಳಕಿಗೆ ಬಂದಾಗ ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಲಿಲ್ಲ. ಉಸಿರು ಬಿಟ್ಟು ಕೂತರು, ಅಷ್ಟೇ. ಚಪ್ಪಾಳೆ ಎಲ್ಲ ಮುಂದಿನ ಸಾಲಿನದು.

ಕಾರ್ಯಕ್ರಮ ಮುಗಿದ ಮೇಲೆ ಸಿಸ್ಟರ್ ಏಣಿಯ ಬುಡಕ್ಕೆ ಬಂದರು. "ಟೀಚರ್, ನೀವು ಅವರಿಗೆ ಹೇಳಿಯೇ ಇಲ್ಲ ಅಲ್ವಾ?"

"ಇಲ್ಲ ಸಿಸ್ಟರ್. ಧೈರ್ಯ ಬರಲಿಲ್ಲ. ತಪ್ಪು ನನ್ನದೇ."

ಅವರು ಬೈಯಲಿಲ್ಲ. ಹಿಂದಿನ ಸಾಲಿನಿಂದ ಮೊಮ್ಮಗಳ ಕೈ ಹಿಡಿದು ಬರುತ್ತಿದ್ದ ಒಬ್ಬ ಅಜ್ಜಿಯನ್ನು ತಡೆದು, "ನೀವೆಲ್ಲ ಯಾಕೆ ಎದ್ದು ನಿಂತದ್ದು ಅಜ್ಜಿ?" ಎಂದು ಕೇಳಿದರು.

ಅಜ್ಜಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಮೂರು ಒಡೆದ್ರಲ್ಲಮ್ಮ. ಕೆಳಗಡೆ ಏನಾನ ಆಯ್ತು ಅಂದ್ರೆ ನಾವು ಗಣಿ ಶಾಫ್ಟ್ ಬಾಯ್ ತಾವ ಓಗಿ ಕುಂತ್ಕೊಳ್ತಿದ್ವಿ. ಒಂದು ಒಡುದ್ರೂ ಎದೆ ಒಡೀತಿತ್ತು, ಎಲ್ಡು ಒಡುದ್ರೂ ಎದೆ ಒಡೀತಿತ್ತು. ಮೂರು ಒಡುದ್ರೆ ಉಸ್ರಿರೋರು ಬತ್ತವ್ರೆ ಅಂತ ಎದ್ದು ನಿಂತ್ಕೊಳ್ತಿದ್ವಿ. ನಮ್ಮನೆಯವ್ರೂ ಅಂಗೇ ಒಂದ್ಸಲ ಬಂದ್ರು." ಇಷ್ಟು ಹೇಳಿ, ಕೇಕು ಎಲ್ಲಿ ಕೊಡುತ್ತಾರೆ ಎಂದು ವಿಚಾರಿಸಿ ಮುಂದೆ ಹೋದರು.

ಸಿಸ್ಟರ್ ಬಗ್ಗಿ ಆ ಕತ್ತಲೆ ಬಾಯಿಯೊಳಗೆ ಇಣುಕಿದರು. ನನಗೆ ಅಳು ಬಂದಿತ್ತು, ಮುಚ್ಚಿಟ್ಟುಕೊಳ್ಳುವುದೇನು. ಅಷ್ಟರಲ್ಲಿ ತಾತ ವೇದಿಕೆಯ ಅಡಿಯಿಂದ ತೆವಳಿಕೊಂಡು ಹೊರಬಂದರು, ಮೈಯೆಲ್ಲ ಧೂಳು. ಗಂಟೆಯ ಹುಡುಗಿ ಓಡಿಬಂದು ಮೇಲಕ್ಕೆ ಬೆರಳು ತೋರಿಸಿ, "ತಾತ, ತಾತ, ಅಲ್ಲಿ ನೋಡು, ಇನ್ನೊಬ್ರು ಯೇಸು ನೇತಾಡ್ತವ್ರೆ" ಎಂದಳು.

ತಾತ ಕತ್ತೆತ್ತಿದರು. ನಕ್ಷತ್ರದಿಂದ ಎರಡು ಅಡಿ ಕೆಳಗೆ ಹೊಸ ಬೊಂಬೆ ಮೆಲ್ಲಗೆ ಸುತ್ತುತ್ತಿತ್ತು. ಅವರು ನನ್ನನ್ನು ನೋಡಿದರು, ಏಣಿಗೆ ಕಟ್ಟಿದ ದಾರವನ್ನು ನೋಡಿದರು, ಸಿಸ್ಟರ್ ಮುಖವನ್ನು ನೋಡಿದರು. ಎಲ್ಲ ಅರ್ಥವಾಗಿಹೋಯಿತು ಎಂದು ನನಗೂ ಅರ್ಥವಾಯಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು; ಅದು ಅಲ್ಲೇ ಬಿಟ್ಟುಕೊಂಡೇ ಇತ್ತು.

"ಅದು ಸೆಕೆಂಡ್ ಶಿಫ್ಟ್ ಕಣಮ್ಮ" ಎಂದರು ತಾತ ಹುಡುಗಿಗೆ. "ಇವ್ರು ಮೇಲಕ್ಕೆ ಬಂದ್ರಲ್ಲ, ಈಗ ಅವ್ರು ಇಳೀಬೇಕು."

ಮೊದಲು ನಕ್ಕವರು ಸಿಸ್ಟರ್. ಶಾಲೆಯಲ್ಲಿ ಅವರು ಹಾಗೆ ಬಿದ್ದು ಬಿದ್ದು ನಗುವುದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಪಾದ್ರಿಗಳು ಕೇಕು ಹಿಡಿದುಕೊಂಡು ಏನಾಯಿತು ಎಂದು ಬಂದರು. ಸಿಸ್ಟರ್ ಕಣ್ಣೊರೆಸಿಕೊಂಡು ತಾತನ ಆ ನಡುಗುವ ಕೈಯನ್ನು ಹಿಡಿದುಕೊಂಡರು. "ಇಳಿಸಿದ್ದು ದೇವರು. ಎತ್ತಿದ್ದು ನೀವು. ಮುಂದಿನ ವರ್ಷವೂ ನೀವೇ ಬರಬೇಕು ಆಯ್ತಾ" ಎಂದರು. ತಾತ, "ಈ ಟೀಚರಮ್ಮನ್ನ ಏಣಿ ಹತ್ತುಸ್ದೆ ಇದ್ರೆ ಬತ್ತೀನಿ" ಎಂದರು. ನನ್ನ ಮರ್ಯಾದೆ ಹೋಯಿತು, ಹೋಗಲಿ.

ಮುಂದಿನ ವರ್ಷ ತಾತ ಬಂದರು, ಆದರೆ ರಾಟೆ ಹಿಡಿಯಲಿಲ್ಲ. ಪಕ್ಕದಲ್ಲಿ ಮುಕ್ಕಾಲಿ ಹಾಕಿ ಕೂತು, ಹಿಡಿಯುವುದನ್ನು ಕಲಿಸಿದರು. ಕಲಿತವರು ಸಿಸ್ಟರ್. ಬಿಳಿ ಉಡುಪಿನ ತೋಳು ಮಡಚಿ ವೇದಿಕೆಯ ಅಡಿ ಕೂತು, ಗಂಟೆ ಬೀಳದೆ ಒಂದು ಅಂಗುಲವೂ ಎತ್ತಲಿಲ್ಲ.

ಸಂಜೆ ಶಾಲೆ ಬಿಡುವ ಗಂಟೆಯೂ ಈಗ ಬದಲಾಗಿದೆ. ಮೊದಲು ಡಣ ಡಣ ಎಂದು ಒಂದೇ ಸಮ ಬಡಿಯುತ್ತಿದ್ದರು. ಈಗ ಸಿಸ್ಟರ್ ತಾವೇ ಜಗಲಿಗೆ ಬಂದು ನಿಂತು ಎಣಿಸಿ ಮೂರೇ ಮೂರು ಹೊಡೆಯುತ್ತಾರೆ. ವ್ಯಾನಿನ ಡ್ರೈವರುಗಳಿಗೂ ಅದರ ಅರ್ಥ ಕಲಿಸಿದ್ದಾರೆ. ಮಕ್ಕಳು ಹತ್ತಿ ಕೂತ ಮೇಲೆ ಕ್ಯಾಸಂಬಳ್ಳಿಯ ವ್ಯಾನು ಗೇಟಿನಲ್ಲಿ ನಿಧಾನವಾಗಿ ತಿರುಗುತ್ತದೆ. ಒಳಗೆ ಮನುಷ್ಯರಿದ್ದಾರೆ.